ಬೆರಳು ಹೇಳಿದ ನೋವು

ಮೂಡಲಗಿಯ ದನದ ಸಂತೆಯಲ್ಲಿ ದಲಾಲಿ ಮಾಡಿಯೇ ನಾನು ಎಂ.ಎ. ಓದಿದ್ದು. ಅಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಎದುರಿನವನ ಬೆರಳು ಹಿಡಿದು ತಿಳಿಸುತ್ತೇವೆ. ಬೆರಳಿನ ಮಾತು ಮೂರನೆಯವರಿಗೆ ಹೋಗಬಾರದು, ಅದೇ ಕರಾರು.

ಆಗ ಪ್ರತಿ ಭಾನುವಾರ ನಮ್ಮ ವಿಶ್ವವಿದ್ಯಾಲಯದ ಕೆಲವರು ಗೋಕಾಕಿನ ಒಂದು ಆಸ್ಪತ್ರೆಗೆ ಹೋಗುತ್ತಿದ್ದೆವು. ವಾಸಿಯಾಗದ ಕಾಯಿಲೆಯ ಮಕ್ಕಳ ನೋವು ಕಡಿಮೆ ಮಾಡಿ ನೋಡಿಕೊಳ್ಳುವ ವಾರ್ಡು ಅದು. ಗೆಳೆಯರು ಹಾಡುತ್ತಿದ್ದರು, ಚಿತ್ರ ಬಿಡಿಸುತ್ತಿದ್ದರು. ನಾನು ತುಕ್ಕಾನಟ್ಟಿಯ ಒಬ್ಬ ಹುಡುಗಿಯ ಮಂಚದ ಬಳಿ ಸುಮ್ಮನೆ ಕೂರುತ್ತಿದ್ದೆ.

"ನಿನಗ ಏನೂ ಬರೂದಿಲ್ಲೇನ ಅಣ್ಣಾ?" ಎಂದು ಒಮ್ಮೆ ಕೇಳಿದಳು.

"ಎಮ್ಮಿ ಮಾರಾಕ ಬರ್ತೈತಿ."

"ಹಂಗಾರ ನನ್ನ ಮಾರು ನೋಡೂಣು."

"ನಿನ್ನ ಯಾರ್ ತಗೋತಾರ? ಹಾಲೂ ಇಲ್ಲ, ಸಗಣೀನೂ ಇಲ್ಲ."

ನಕ್ಕಳು. ಹುಕ್ಕೇರಿಯ ಬಾಡಿಗೆ ಖೋಲಿಯಲ್ಲಿ ಒಬ್ಬನೇ ಇದ್ದ ನನ್ನ ಜೊತೆ ಹಾಗೆ ನಗುವವರು ಬೇರೆ ಯಾರೂ ಇರಲಿಲ್ಲ.

ಅವಳಿಗೆ ಸಂತೆಯ ಬೆರಳಾಟ ಕಲಿಸಿದೆ. ಬಾಯಿಹುಣ್ಣು ಹೆಚ್ಚಾಗಿ ಮಾತು ಕಷ್ಟವಾದಾಗ, ಹೊದಿಕೆಯ ಕೆಳಗೆ ನನ್ನ ಬೆರಳು ಹಿಡಿದು ನೋವು ಎಷ್ಟೆಂದು ಹೇಳುತ್ತಿದ್ದಳು. ಒಂದು ಹಿಡಿದರೆ ಸ್ವಲ್ಪ, ಐದೂ ಹಿಡಿದರೆ ತಾಳಲಾರದಷ್ಟು.

ಮನೆಗೆ ಹೋಗಬೇಕೆಂಬುದೊಂದೇ ಅವಳ ಆಸೆ. ನೋವು ಹತೋಟಿಗೆ ಬಂದರೆ ಕಳಿಸುತ್ತೇವೆ ಎಂದು ಡಾಕ್ಟರು ಹೇಳಿದ್ದರು. ಒಂದು ಭಾನುವಾರ ಐದೂ ಬೆರಳು ಹಿಡಿದಳು. ಅಷ್ಟರಲ್ಲಿ ನರ್ಸ್ ಬಂದು ಕೇಳಿದಾಗ, "ಆರಾಮ ಐತ್ರಿ" ಎಂದುಬಿಟ್ಟಳು.

"ಇಲ್ರಿ ಸಿಸ್ಟರ್, ಭಾಳ ನೋವೈತಿ" ಎಂದೆ.

ಅವಳು ಕೈ ಬಿಟ್ಟಳು.

ಇಂಥ ಸೇವೆಗೆ ಹೋಗುವ ಹುಡುಗರಿಗೆ ವ್ಯಾಪಾರಿಯಾಗಿ ಹೇಳುತ್ತೇನೆ: ಯಾವುದರಲ್ಲಾದರೂ ಚೌಕಾಸಿ ಮಾಡಿ, ಮಗುವಿನ ನೋವಿನಲ್ಲಿ ಬೇಡ. ಮುಚ್ಚಿಟ್ಟರೆ ಔಷಧಿ ಸಾಲುವುದಿಲ್ಲ, ಮನೆ ಇನ್ನಷ್ಟು ದೂರವಾಗುತ್ತದೆ. ಇದನ್ನು ಅವಳಿಗೂ ಹೇಳಿದೆ. ಗೋಡೆಯ ಕಡೆ ಹೊರಳಿ ಮಲಗಿದಳು.

ಔಷಧಿ ಹೆಚ್ಚಿಸಿದರು, ನೋವು ತಗ್ಗಿತು. ಔಷಧಿ ಕೊಡುವ ರೀತಿಯನ್ನು ತಾಯಿಗೆ ಕಲಿಸಿ ಮನೆಗೆ ಕಳಿಸಿದರು. ಮುಂದಿನ ಭಾನುವಾರ ನಾನು ಹೋದಾಗ ಮಂಚ ಖಾಲಿಯಿತ್ತು. ಬಸ್ ನಿಲ್ದಾಣಕ್ಕೆ ಬಂದು ಅವಳ ತಾಯಿಗೆ ಫೋನ್ ಮಾಡಿದೆ.

"ಚಲೋ ನಿದ್ದಿ ಮಾಡಿದ್ಲಪಾ ತಮ್ಮಾ. ಅಂಗಳದಾಗ ಕುಂತು ಅಂಬಲಿ ಕುಡದ್ಲು."

"ಆಕಿಗಿ ಸ್ವಲ್ಪ ಕೊಡ್ರಿ ಫೋನು."

ಆ ಕಡೆ ಏನೋ ಗುಸುಗುಸು ಕೇಳಿಸಿತು.

"ಒಲ್ಲೆ ಅಂತಾಳ, ತಮ್ಮಾ. ಸಿಟ್ಟ ಇನ್ನೂ ಇಳದಿಲ್ಲ."

"ಇರ್ಲಿ ಬಿಡ್ರಿ. ಔಷಧಿ ಮಾತ್ರ ಹೊತ್ತಿಗೆ ಸರಿಯಾಗಿ ಕೊಡ್ರಿ" ಎಂದೆ.

ಹುಕ್ಕೇರಿಯ ಬಸ್ ಬಂತು. ಊರು ಬರುವವರೆಗೂ ನನ್ನ ಪಕ್ಕದ ಸೀಟಿಗೆ ಯಾರೂ ಬರಲಿಲ್ಲ.