ಸುಶೀಲಾ ಮೇಡಂ ಮತ್ತು ಗಾಯದ ಕ್ರಿಮಿ

ಸುಶೀಲಾ ಮೇಡಂ ಸರ್ಜನ್ನರನ್ನು ಬಹುವಚನದಲ್ಲೂ ಬ್ಯಾಕ್ಟೀರಿಯಾವನ್ನು ಏಕವಚನದಲ್ಲೂ ಮಾತಾಡಿಸುತ್ತಿದ್ದರು. ಗುಬ್ಬಿಯಿಂದ ಬಸ್ಸಿನಲ್ಲಿ ತುಮಕೂರಿನ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಬಂದವರೇ, ಕೀವಿನಿಂದ ಕ್ರಿಮಿ ಬೆಳೆಸಿದ ಪ್ಲೇಟನ್ನು ಬೆಳಕಿಗೆ ಹಿಡಿದು, "ಏನ್ಲಾ, ರಾತ್ರಿಯೆಲ್ಲ ತಿಂದು ಕೊಬ್ಬಿದೀಯ" ಎನ್ನುತ್ತಿದ್ದರು.

ನಾನು ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದೆ. ಔಷಧಿಗೆ ಬಗ್ಗದ ಕ್ರಿಮಿಯಲ್ಲಿ ವಿಷ ತಯಾರಿಸುವ ಜೀನ್ ಇದೆಯೇ ಎಂದಷ್ಟೇ ಅಲ್ಲ, ಅದು ಈಗ ಕೆಲಸ ಮಾಡುತ್ತಿದೆಯೇ ಎಂದೂ ನೋಡಬೇಕಿತ್ತು. ವ್ಯತ್ಯಾಸವನ್ನು ಮೇಡಂ ಹೀಗೆ ಹೇಳಿಕೊಟ್ಟರು: "ಮನೇಲಿ ಮಚ್ಚು ಇದೆ ಅನ್ನೋದು ಬೇರೆ ಕಣೋ, ಕೈಗೆ ತಗೊಂಡವ್ನೆ ಅನ್ನೋದು ಬೇರೆ."

ಒಮ್ಮೆ ಕುಣಿಗಲ್ ಕಡೆಯ ಹುತ್ರಿದುರ್ಗದ ಪುಟ್ಟಮ್ಮ ದಾಖಲಾದರು. ಕುಡುಗೋಲು ತಾಗಿದ ಪಾದ ಕಪ್ಪಾಗುತ್ತಿತ್ತು. ನಮ್ಮ ವರದಿಯ ಪ್ರಕಾರ ಆ ಗಾಯದ ಕ್ರಿಮಿ ಹೆಚ್ಚುಕಡಿಮೆ ಯಾವ ಔಷಧಿಗೂ ಬಗ್ಗುತ್ತಿರಲಿಲ್ಲ. ವರದಿ ಕಳಿಸಿ ಸುಮ್ಮನಿರದೆ ಮೇಡಂ ವಾರ್ಡಿಗೇ ಹೋದರು.

"ಕಾಲು ಉಳಿತದಾ ಡಾಕ್ಟ್ರಮ್ಮ?"

"ಗೊತ್ತಿಲ್ಲ ಕಣಮ್ಮ."

"ಸದ್ಯ, ನೀವೊಬ್ರು ನಿಜ ಹೇಳುದ್ರಿ ಬುಡಿ," ಎಂದು ಪುಟ್ಟಮ್ಮ ಒಂದು ಕಿತ್ತಳೆ ಕೊಟ್ಟರು. ಮೇಡಂ ಕೈ ತೊಳೆದು ಬಂದು ಅದನ್ನು ತಿಂದರು.

ಸರ್ಜನ್ ಸತ್ತ ಮಾಂಸವನ್ನು ಮತ್ತೆ ಮತ್ತೆ ಕೆರೆದು ತೆಗೆದರು. ಮೇಡಂ ಹುಡುಕಿ ಸೂಚಿಸಿದ ಹಳೆಯ ಔಷಧಿ ನಾಟಿತು. ಎರಡು ಬೆರಳು ಹೋದವು, ಕಾಲು ಉಳಿಯಿತು. ನಮ್ಮ ಜೀನ್ ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ಪುಟ್ಟಮ್ಮ ಊರಿನಲ್ಲಿ ರಾಗಿ ಬಿತ್ತುತ್ತಿದ್ದರು. ವಿಷದ ಜೀನ್ ಪೂರ್ತಿ ಎಚ್ಚರವಾಗಿತ್ತು.

"ಮಚ್ಚು ಕೈಲೇ ಇತ್ತು," ಎಂದರು ಮೇಡಂ. "ನಾವು ಹೇಳೋ ಹೊತ್ಗೆ ಕೇಸೇ ಮುಗೀತು. ಇನ್ನೂ ಬೇಗ ಹೇಳೋದು ಕಲೀಬೇಕು."

ನಿವೃತ್ತರಾದ ಮೇಲೆ ಮೇಡಂಗೇ ಸೊಂಟದ ಆಪರೇಷನ್ ಆಯಿತು. ಗಾಯ ಕೀವಾಯಿತು. ಮಾದರಿ ನಮ್ಮಲ್ಲಿಗೇ ಬಂತು. ವರದಿ ಹಿಡಿದು ಅವರ ವಾರ್ಡಿಗೆ ಹೋದೆ.

"ಯಾವ್ದಕ್ಕೆ ಬಗ್ಗುತ್ತೆ?"

"ಒಂದಕ್ಕೆ, ಮೇಡಂ. ಅದೂ ಅನುಮಾನ."

ಕನ್ನಡಕ ಏರಿಸಿ ಪೂರ್ತಿ ಓದಿದರು. "ಒಳ್ಳೆ ಸ್ಯಾಂಪಲ್. ಎಸೀಬೇಡ, ಫ್ರೀಜರ್‌ಗೆ ಹಾಕಿಡು. ನನ್ ಹೆಸ್ರು ಬೇಡ, ನಂಬರ್ ಹಾಕು." ಆಮೇಲೆ ಗೋಡೆಯ ಕಡೆ ತಿರುಗಿ, "ಹೆದ್ರಿಕೆ ಆಗ್ತಿದೆ ಕಣೋ," ಎಂದರು.

ಕೈಗವಸು ಹಾಕಿಕೊಂಡೇ ಅವರ ಕೈ ಹಿಡಿದು ಕೂತೆ. ಆ ವಾರವೇ ತೀರಿಹೋದರು.

ಮೊನ್ನೆ ಜೀನ್ ಪರೀಕ್ಷೆಗೆಂದು ಫ್ರೀಜರ್‌ನಲ್ಲಿದ್ದ ಅವರ ಮಾದರಿಯಿಂದ ಒಂದಿಷ್ಟು ಹೊರತೆಗೆದು ಬೆಳೆಸಿದೆ. ಮರುದಿನ ಬೆಳಗ್ಗೆ ಕ್ರಿಮಿ ಪ್ಲೇಟಿನ ತುಂಬ ಹಸಿರಾಗಿ, ದಟ್ಟವಾಗಿ ಬಂದಿತ್ತು. ಪರೀಕ್ಷೆ ಮುಗಿಸಿದೆ. ಆ ಪ್ಲೇಟನ್ನು ಎಸೆಯಲು ಮನಸ್ಸಾಗಲಿಲ್ಲ. ಆದರೆ ನಿಯಮವಿದೆ. ಬೇಯಿಸಿ ಕೊಲ್ಲುವ ಯಂತ್ರದೊಳಗೆ ಇಟ್ಟು ಬಾಗಿಲು ಮುಚ್ಚಿದೆ.