ಮಾದೇವಿ ತೂಕದ ಬಾಳೆಹಣ್ಣು

ಮೊನ್ನೆ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಬಟ್ಟೆ ಅಂಗಡಿಯಿಂದ ಹೊರಗೆ ಬರುತ್ತಿದ್ದೆ. ಆಟೋಗಳ ಹೊಗೆ, ಹಾರ್ನು, ನೂಕುನುಗ್ಗಲು. ಅದರ ನಡುವೆಯೇ ತುಸು ಬೆಲ್ಲ ಬೆರೆತಂಥ ಒಂದು ವಾಸನೆ ಮೂಗಿಗೆ ಬಂತು. ತಿರುಗಿ ನೋಡಿದರೆ ತಳ್ಳುಗಾಡಿಯ ತುಂಬ ಕಮಲಾಪುರದ ಕೆಂಪು ಬಾಳೆಹಣ್ಣು. ನೀವು ಈ ಕಡೆಯವರಲ್ಲದಿದ್ದರೆ ಆ ಹಣ್ಣಿನ ಪರಿಚಯ ಇರಲಿಕ್ಕಿಲ್ಲ. ಗಿಡ್ಡ, ದಪ್ಪ, ಸಿಪ್ಪೆಗೆ ಇಟ್ಟಿಗೆಯ ಬಣ್ಣ. ಎರಡು ತಿಂದರೆ ಮಧ್ಯಾಹ್ನದ ಅಡುಗೆ ಮಾಡುವ ಗೋಜಿಲ್ಲ. ಗಾಡಿಯವನು ತಕ್ಕಡಿ ಎತ್ತಿ ಹಿಡಿದು, "ಎಷ್ಟು ಹಾಕ್ಲಿ ಖಾಲಾ?" ಎಂದ.

"ಒಂದು ಹುಡುಗಿ ತೂಕದಷ್ಟು," ಎಂದುಬಿಟ್ಟೆ.

ಮುದುಕಿಯ ತಲೆ ಕೆಟ್ಟಿದೆ ಎಂದುಕೊಂಡಿರಬೇಕು ಪಾಪ, ಮತ್ತೇನೂ ಕೇಳದೆ ಒಂದು ಡಜನ್ ಕಟ್ಟಿಕೊಟ್ಟ. ಕುಸನೂರಿನ ನನ್ನ ಮನೆ ಮುಟ್ಟುವವರೆಗೂ ಆಟೋದಲ್ಲಿ ಒಬ್ಬಳೇ ನಗುತ್ತಿದ್ದೆ. ನಿಮಗೂ ಆ ತೂಕದ ಕತೆ ಹೇಳಿದರೆ ಮನಸ್ಸು ಹಗುರಾಗುತ್ತದೆ.

ನಾನು ಹುಟ್ಟಿದ್ದು ಇದೇ ಊರಿನ ರೋಜಾ ಬಡಾವಣೆಯಲ್ಲಿ, ದರ್ಗಾದ ಹಿಂದಿನ ಓಣಿಯಲ್ಲಿ. ನರ್ಸ್ ಕೆಲಸಕ್ಕೆ ಸೇರುತ್ತೇನೆಂದಾಗ ಅಮ್ಮಿ ಮೂರು ದಿನ ಮಾತು ಬಿಟ್ಟಿದ್ದಳು. ನಾನು ಕೆಲಸ ಕಲಿತು ಓಣಿಯ ಹೆಂಗಸರೆಲ್ಲ ಸೂಜಿ ಹಾಕಿಸಿಕೊಳ್ಳಲು ನಮ್ಮ ಮನೆಗೆ ಬರತೊಡಗಿದ ಮೇಲೆ ಅವಳ ಗತ್ತೇ ಬೇರೆಯಾಯಿತು. ಎಷ್ಟೋ ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದೆ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಕಲಬುರಗಿಗೆ ಇನ್ನೂ ಗುಲಬರ್ಗಾ ಎನ್ನುತ್ತಿದ್ದ ಕಾಲ. ನಾನಿದ್ದ ದವಾಖಾನೆಯಲ್ಲಿ ಎಚ್‌ಐವಿ ಇದ್ದವರಿಗೆ ಪುಕ್ಕಟೆ ಗುಳಿಗೆ ಕೊಡುವ ವಿಭಾಗ ತೆರೆದರು. ಅಲ್ಲಿಗೆ ಹೋಗಲು ಯಾರೂ ಮುಂದೆ ಬರಲಿಲ್ಲ. ನಾನು ಹೋದೆ. ಧೈರ್ಯ ಎಂದು ನನ್ನನ್ನು ಹೊಗಳಬೇಡಿ, ಆ ಕೋಣೆಯಲ್ಲಿ ಫ್ಯಾನು ಚೆನ್ನಾಗಿ ತಿರುಗುತ್ತಿತ್ತು. ಗುಲಬರ್ಗಾದ ಬಿಸಿಲು ಕಂಡವರಿಗೆ ಇದು ಸಣ್ಣ ಕಾರಣ ಅನ್ನಿಸುವುದಿಲ್ಲ.

ಮಾದೇವಿ ಬಂದದ್ದು ಆ ಕೋಣೆಗೆ. ಬಂದಳು ಎನ್ನುವುದಕ್ಕಿಂತ ಅವಳ ಆಯಿ ಶರಣಮ್ಮ ಸೊಂಟದ ಮೇಲೆ ಹೊತ್ತು ತಂದಳು ಎನ್ನಬೇಕು. ಒಂಬತ್ತು ವರ್ಷದ ಹುಡುಗಿಯನ್ನು ಅಜ್ಜಿಯೊಬ್ಬಳು ಸೊಂಟದ ಮೇಲೆ ಹೊರುವುದೆಂದರೆ ಆ ಹುಡುಗಿ ಎಷ್ಟು ಉಳಿದಿದ್ದಳೆಂದು ನೀವೇ ಯೋಚಿಸಿ. ಬಾಯೊಳಗೆಲ್ಲ ಬಿಳಿ ಹುಣ್ಣು, ಕುತ್ತಿಗೆಯಲ್ಲಿ ಗಂಟು, ಬಿಡದ ಕೆಮ್ಮು. ಅಪ್ಪ ಮೊದಲು ಹೋಗಿದ್ದ, ಅವ್ವ ಆಮೇಲೆ. ಆಯಿ ಕಮಲಾಪುರದ ಒಂದು ಬಾಳೆತೋಟದಲ್ಲಿ ಕೂಲಿಗೆ ಹೋಗುತ್ತಿದ್ದಳು. ಕಾಯಿಲೆಯ ಹೆಸರು ಅವಳಿಗೆ ಗೊತ್ತಿತ್ತು, ಆದರೆ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. 'ದೊಡ್ಡ ಬ್ಯಾನಿ' ಎನ್ನುತ್ತಿದ್ದಳು.

ನಮ್ಮ ಡಾಕ್ಟರು ಮಂಡ್ಯದ ಕಡೆಯವರು. ಇನ್ನೂ ಚಿಕ್ಕ ವಯಸ್ಸು, ಮಾತು ಮೃದು, ಹಣೆಯ ಮೇಲೆ ಮಾತ್ರ ಸದಾ ಗಂಟು. ಮಾದೇವಿಗೆ ಟಿಬಿಯೂ ಇದೆ ಎಂದು ಗೊತ್ತಾಗಿ ಮೊದಲು ಅದರ ಔಷಧಿ ಶುರು ಮಾಡಿದರು. ಅದು ಸ್ವಲ್ಪ ಹಿಡಿದ ಮೇಲೆ ಎಚ್‌ಐವಿ ಗುಳಿಗೆ. ಆಗ ಮಕ್ಕಳಿಗೆಂದೇ ಮಾಡಿದ ಗುಳಿಗೆ ನಮ್ಮ ಕೈಗೆ ಬಂದಿರಲಿಲ್ಲ. ದೊಡ್ಡವರ ಗುಳಿಗೆಯನ್ನೇ ಮುರಿದು ಕೊಡಬೇಕು. ಅರ್ಧವೋ, ಮುಕ್ಕಾಲೋ, ಪೂರ್ತಿಯೋ ಎಂಬುದನ್ನು ಮಗುವಿನ ತೂಕವೇ ಹೇಳಬೇಕು. ಮಗು ಬೆಳೆದಂತೆ ಗುಳಿಗೆಯೂ ಬೆಳೆಯಬೇಕು. ಬೆಳೆಯದಿದ್ದರೆ ಔಷಧಿ ಮೈಗೆ ಸಾಲದೆ, ಒಳಗಿನ ವೈರಸ್ಸು ಅದಕ್ಕೆ ಒಗ್ಗಿಹೋಗುತ್ತದೆ. ಆಮೇಲೆ ಆ ಗುಳಿಗೆ ಎಷ್ಟು ನುಂಗಿದರೂ ವ್ಯರ್ಥ. ಅದು ಕೈಕೊಟ್ಟರೆ ಬೇರೆ ಗುಳಿಗೆ ನಮ್ಮಲ್ಲಿ ಇರಲಿಲ್ಲ. ಈ ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ, ಮಾದೇವಿಯ ಜೀವ ಇದರ ಮೇಲೆಯೇ ನಿಂತಿತ್ತು.

ಮೊದಲು ಬಂದಾಗ ತೂಕ ಮಾಡಿಸಲು ಆಯಿ ಏನೂ ತಕರಾರು ಮಾಡಲಿಲ್ಲ. ತಿಂಗಳುಗಳು ಕಳೆದವು. ಹುಡುಗಿ ಸೊಂಟದಿಂದ ಇಳಿದು ಕೈಹಿಡಿದು ನಡೆದು ಬರತೊಡಗಿದಳು. ಕೆಮ್ಮು ನಿಂತಿತು. ನನ್ನ ಮೇಜಿನ ಮೇಲಿನ ಸ್ಟೆತಸ್ಕೋಪನ್ನು ಕೇಳದೆ ಕಿವಿಗೆ ಹಾಕಿಕೊಳ್ಳುವಷ್ಟು ತುಂಟಿಯಾದಳು. ಆಗ ಶುರುವಾಯಿತು ನೋಡಿ ಆಯಿಯ ಹಟ.

"ಹೇಗಿದ್ದಾಳಮ್ಮಾ ಮೊಮ್ಮಗಳು?" ಎಂದು ಡಾಕ್ಟರು ಕೇಳಿದರು.

"ಹಂಗೇ ಅದಾಳ್ರೀ."

"ಊಟ ಮಾಡ್ತಾಳಾ?"

"ಎಲ್ಲಿ ಊಟ ರೀ. ಏನೂ ಫರಕ್ ಇಲ್ಲ."

ಆಯಿ ಹೀಗೆ ಹೇಳುತ್ತಿದ್ದಾಗ ಮಾದೇವಿ ಪಕ್ಕದಲ್ಲಿ ನಿಂತು ಶೇಂಗಾ ಮೆಲ್ಲುತ್ತಿದ್ದಳು. ಡಾಕ್ಟರು ಗಾಬರಿಯಿಂದ ತೂಕದ ಯಂತ್ರ ತೋರಿಸಿದರು. ಆಯಿ ಹುಡುಗಿಯನ್ನು ಸೆರಗಿನ ಹಿಂದಕ್ಕೆ ಎಳೆದುಕೊಂಡಳು. "ತೂಕಾ ಮಾತ್ರ ಬ್ಯಾಡ್ರೀ ಸಾಹೇಬ್ರ. ನಿಮ್ಮ ಕಾಲಿಗಿ ಬೀಳ್ತೀನಿ, ಬ್ಯಾಡ." ಡಾಕ್ಟರು ತಾಳ್ಮೆಯಿಂದ ಹೇಳಿದರು, ಆಮೇಲೆ ತಾಳ್ಮೆ ಬಿಟ್ಟು ಹೇಳಿದರು. ಆಯಿ ಕಲ್ಲಿನ ಹಾಗೆ ಕುಳಿತಳು. ಮುಂದಿನ ತಿಂಗಳೂ ಅದೇ ಹಾಡು. ಅದರ ಮುಂದಿನ ತಿಂಗಳು ಅಜ್ಜಿಯೂ ಇಲ್ಲ, ಮೊಮ್ಮಗಳೂ ಇಲ್ಲ. ಗುಳಿಗೆ ಮುಗಿಯುವ ದಿನ ಹತ್ತಿರ ಬಂದಿತ್ತು.

"ನನಗೆ ಅರ್ಥವೇ ಆಗ್ತಿಲ್ಲ ಸಿಸ್ಟರ್," ಎಂದು ಡಾಕ್ಟರು ತಲೆ ಹಿಡಿದುಕೊಂಡರು. "ಅಷ್ಟು ದೂರದಿಂದ ಬಂದು ಔಷಧಿ ತಗೊಂಡು ಹೋಗ್ತಾರೆ, ಒಂದು ನಿಮಿಷ ಮಗೂನ ನಿಲ್ಲಿಸೋಕೆ ಏನು ಕಷ್ಟ?"

ಅವರಿಗೆ ಅರ್ಥವಾಗದ್ದು ನನಗೆ ಆಗಿತ್ತು. ನನ್ನ ಅಮ್ಮಿಯೂ ಅದೇ ಜಾತಿಯವಳು. ನನ್ನ ಮಗಳು ಕೂಸಾಗಿದ್ದಾಗ ಅಂಗನವಾಡಿಯವರು ತೂಕದ ಬುಟ್ಟಿ ತಂದರೆ, "ಬಚ್ಚೇ ಕೋ ತೋಲ್ತೇ ನೈಂ, ನಜರ್ ಲಗ್ತೀ", ಮಗುವನ್ನು ತೂಗಬಾರದು, ದೃಷ್ಟಿಯಾಗುತ್ತದೆ ಎಂದು ಬಾಗಿಲು ಹಾಕಿಕೊಂಡವಳು. ನಮ್ಮ ಕಡೆ ರೋಜಾದಲ್ಲಾಗಲಿ, ಕಮಲಾಪುರದಲ್ಲಾಗಲಿ, ಮಗು ಕಾಯಿಲೆ ಬಿದ್ದಾಗ ಊರಿಗೆಲ್ಲ ಹೇಳಿಕೊಂಡು ಅಳಬಹುದು. ಚೇತರಿಸಿಕೊಂಡಾಗ ಮಾತ್ರ ಬಾಯಿ ಬಿಗಿಹಿಡಿಯಬೇಕು. ಗುಣವಾಯಿತು ಎಂದಿರೋ, ಕಣ್ಣು ಬಿತ್ತು. ಆಯಿಯ 'ಫರಕ್ ಇಲ್ಲ' ಎಂಬ ಮಾತಿನೊಳಗೆ ಹಿಗ್ಗು ತುಂಬಿ ತುಳುಕುತ್ತಿತ್ತು. ಮಂಡ್ಯದ ಡಾಕ್ಟರು ಅದನ್ನು ಅಕ್ಷರಶಃ ನಂಬಿ ಔಷಧಿ ಸೋತಿತು ಎಂದು ಕೊರಗುತ್ತಿದ್ದರು.

ಭಾನುವಾರ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಅಲ್ಲಿ ಇಳಿದ ಮೇಲೆ ಒಂದು ಸಂಕಟ. ದವಾಖಾನೆಯ ಸಿಸ್ಟರ್ ಎಂದು ಹೇಳಿಕೊಂಡರೆ ಯಾವ ವಿಭಾಗ ಎಂಬ ಪ್ರಶ್ನೆ ಬರುತ್ತದೆ, ಸಂಜೆಯೊಳಗೆ ಆಯಿಯ ಮನೆಯಲ್ಲಿ ಯಾರೂ ನೀರು ಮುಟ್ಟದ ಹಾಗಾಗುತ್ತದೆ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು, "ಯಾರ ಮನಿಗಿ ಬಂದೀರಿ? ಏನಾಗಬೇಕು ಅವರು?" ಎಂದು ಪೊಲೀಸನಂತೆ ವಿಚಾರಿಸಿದ. "ಬಾಳೆಹಣ್ಣಿಗಿ ಬಂದೀನಪ್ಪಾ, ಮನ್ಯಾಗ ಮದುವಿ ಅದ," ಎಂದೆ. ಯಾರ ಮದುವೆ, ಗಂಡು ಯಾವೂರವನು ಎಂದು ಮತ್ತೆ ಶುರು ಮಾಡಿದ. ಇಲ್ಲದ ಗಂಡಿಗೆ ನಾನು ಬೀದರಿನಲ್ಲಿ ಒಂದು ನೌಕರಿಯನ್ನೂ ಕೊಡಿಸಿ ತೋಟದ ದಾರಿ ಹಿಡಿದೆ.

ಆಯಿ ಮರದ ನೆರಳಲ್ಲಿ ಕುಳಿತು ಗೊನೆಯಿಂದ ಹಣಿಗೆ, ಅಂದರೆ ಹಣ್ಣಿನ ಚಿಪ್ಪು, ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೊಂಬೆಗೆ ನೇತುಹಾಕಿದ ದೊಡ್ಡ ತಕ್ಕಡಿ. ಮಾದೇವಿ ಅದರ ಒಂದು ಪರಡಿಯಲ್ಲಿ ಕುಳಿತು ಜೋಕಾಲಿ ಆಡುತ್ತಿದ್ದಳು! ನನ್ನನ್ನು ಕಂಡದ್ದೇ ಆಯಿಯ ಮುಖ ಸಣ್ಣದಾಯಿತು. "ಬಯ್ಯಾಕ ಬಂದೀರೇನ್ರೀ ಸಿಸ್ಟರಮ್ಮ?"

"ಇಲ್ಲ ಆಯಿ. ಗುಳಗಿ ತಂದೀನಿ," ಎಂದು ಚೀಲ ಕೊಟ್ಟು ಪಕ್ಕದಲ್ಲಿ ಕುಳಿತೆ. ಸ್ವಲ್ಪ ಹೊತ್ತು ನಾನೂ ಹಣಿಗೆ ಬಿಡಿಸಿದೆ. ಅಂಟು ಹಿಡಿದು ನನ್ನ ಸೀರೆ ಹಾಳಾಯಿತು, ಆ ಕಲೆ ಕೊನೆಯವರೆಗೂ ಹೋಗಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದೆ: "ಆಯಿ, ತೂಕಾ ಮಾಡಿದ್ರ ಕಣ್ಣ ಬೀಳ್ತದ ಅಂತೀರಿ. ಮತ್ತ ಹರಕಿ ಹೊತ್ತು ಮಕ್ಕಳಿಗಿ ತುಲಾಭಾರ ಮಾಡಸ್ತೀರಲ್ಲ, ಅದು ತೂಕಾ ಅಲ್ಲೇನು?" ನಮ್ಮ ದರ್ಗಾದಲ್ಲಿ ಮಕ್ಕಳನ್ನು ಸಕ್ಕರೆಗೆ ತೂಗುವುದನ್ನು ನೋಡಿಯೇ ನಾನು ಬೆಳೆದವಳು.

ಆಯಿ ನನ್ನ ದಡ್ಡತನಕ್ಕೆ ಮರುಗುವವಳಂತೆ ನೋಡಿದಳು. "ಅದು ಬ್ಯಾರೇ ರೀ. ಅಲ್ಲಿ ಎಷ್ಟು ಅಂತ ಯಾರು ಕೇಳ್ತಾರ? ಎರಡೂ ಪರಡಿ ಸಮ ಆದ್ರ ಆತು. ನಿಮ್ಮಲ್ಲಿ ಅಂಕಿ ಹೇಳ್ತಾರ, ಅಷ್ಟೂ ಮಂದಿ ಮುಂದ ಒದರ್ತಾರ. ಇಕಿ ಅವ್ವ ಹುಟ್ಟಿದಾಗ ಒಬ್ಬಾಕಿ ಬಂದು ತೂಕಾ ಮಾಡಿ, ಎಂಥಾ ಗುಂಡನ ಕೂಸು ಅಂದಳು. ಆ ಕೂಸು ಈಗ ಎಲ್ಲಿ ಅದ, ಹೇಳ್ರಿ?"

ಮಗಳನ್ನು ಮಣ್ಣಿಗಿಟ್ಟು ಬಂದವಳ ಜೊತೆ ವಿಜ್ಞಾನ ಮಾತಾಡುವಷ್ಟು ಗಟ್ಟಿ ಎದೆ ನನಗಿಲ್ಲ. ಕಣ್ಣಲ್ಲಿ ನೀರು ಬಂತು, ಬಾಳೆಯ ಅಂಟಿನ ಕೈಯಲ್ಲೇ ಒರೆಸಿಕೊಂಡೆ. ಆದರೆ ತಲೆಯೊಳಗೆ ಆಯಿಯ ಮಾತೇ ತಿರುಗುತ್ತಿತ್ತು. ಅಂಕಿ ಇಲ್ಲದಿದ್ದರೆ ಸೈ. ಸಮ ಆದರೆ ಸಾಕು. ಎದುರಿಗೆ ತಕ್ಕಡಿ, ತಕ್ಕಡಿಯಲ್ಲಿ ಹುಡುಗಿ, ಸುತ್ತಲೂ ಹಣ್ಣು!

"ಆಯಿ, ಹಂಗಾದ್ರ ಮಾದೇವಿಗಿ ಇಲ್ಲೇ ಬಾಳೆಹಣ್ಣಿಗಿ ತೂಗ್ರಿ. ಸಮ ಮಾಡ್ರಿ. ಆ ಹಣ್ಣು ದವಾಖಾನಿಗಿ ತರ್ರಿ, ಅಲ್ಲಿ ಅಷ್ಟೂ ಮಕ್ಕಳಿಗಿ ಹಂಚೂಣು. ತುಲಾಭಾರನೂ ಆಗ್ತದ. ನಿಮ್ಮ ಹುಡುಗಿಗಿ ನಾವು ಮುಟ್ಟಂಗಿಲ್ಲ."

"ಹಣ್ಣಿಗಿ ತೂಕಾ ಮಾಡ್ತೀರೇನು?"

"ಹಣ್ಣಿಗಿ ಮಾಡ್ತೀವಿ."

ಆಯಿ ಪರಡಿಯನ್ನು ಹಿಡಿದು ನಿಲ್ಲಿಸಿ ಮೊಮ್ಮಗಳ ಕಡೆ ನೋಡಿದಳು. "ಹಣ್ಣಿಗಿ ಯಾರ ಕಣ್ಣ ಬಿದ್ರೂ ನಡೀತದ," ಎಂದಳು.

ತುಲಾಭಾರಕ್ಕೆ ಎಂದ ಮೇಲೆ ತೋಟದ ಸಾವಕಾರ ಇಲ್ಲ ಎನ್ನಲಿಲ್ಲ, ಪೇಟೆಗೆ ಹೋಗದ ಕಲೆಬಿದ್ದ ಹಣ್ಣು ಬೇಕಾದಷ್ಟಿತ್ತು. ಗುಳಿಗೆಗೆ ಬರುವ ದಿನ ಆಯಿ ಮಾದೇವಿಗೆ ಸಮ ತೂಗಿದ ಹಣ್ಣಿನ ಬುಟ್ಟಿ ಹೊತ್ತು ಟಂಟಂ ಆಟೋದಲ್ಲಿ ಬಂದಿಳಿದಳು. ಡಾಕ್ಟರು ಬುಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಗಂಭೀರವಾಗಿ ಹಣ್ಣನ್ನೆಲ್ಲ ಚೀಲಕ್ಕೆ ಸುರಿದು ಯಂತ್ರದ ಮೇಲಿಟ್ಟೆ. ಮುಳ್ಳು ನೋಡಿದ ಡಾಕ್ಟರ ಹಣೆಯ ಗಂಟು ಮೊದಲ ಸಲ ಬಿಚ್ಚಿಕೊಂಡಿತು. ಹುಡುಗಿ ಚೆನ್ನಾಗಿಯೇ ಬೆಳೆದಿದ್ದಳು, ಹಳೆಯ ಗುಳಿಗೆ ಅವಳಿಗೆ ಸಾಲುತ್ತಿರಲಿಲ್ಲ. ಅವತ್ತೇ ಹೆಚ್ಚಿಸಿದೆವು. ಹೆಚ್ಚಿಸಿದ್ದು ಯಾಕೆ ಎಂದು ಆಯಿ ಕೇಳಲಿಲ್ಲ, ನಾವು ಹೇಳಲಿಲ್ಲ.

ಇನ್ನೊಂದು ತಿಂಗಳು ತೂಕ ಕಡಿಮೆ ಬಂತು. ಡಾಕ್ಟರು ಕಂಗಾಲಾಗಿ ಕಫ ಪರೀಕ್ಷೆಗೆ ಬರೆಯಲು ಪೆನ್ನು ತೆಗೆದೂ ಆಗಿತ್ತು. ನನಗೆ ಮಾದೇವಿಯ ಬಾಯಿಯ ಮೇಲೆ ಅನುಮಾನ. "ದಾರ್ಯಾಗ ಎಷ್ಟು ತಿಂದಿ?" ಎಂದೆ. ಅವಳು ಲಂಗದ ಮಡಿಲಿನಿಂದ ಸಿಪ್ಪೆಗಳನ್ನು ತೆಗೆದು ಮೇಜಿನ ಮೇಲೆ ಹಾಕಿದಳು, ಸಾಲದೆಂಬಂತೆ ಆಯಿಯ ಸೆರಗಿನ ಗಂಟಿನಿಂದಲೂ ತೆಗೆದಳು. ಡಾಕ್ಟರು ಕುರ್ಚಿಯ ಮೇಲೆ ಹಿಂದಕ್ಕೆ ಒರಗಿ ನಕ್ಕಿದ್ದನ್ನು ಕಾರಿಡಾರಿನವರೆಲ್ಲ ಕೇಳಿದರು. ಬಾಯಿಯ ಹುಣ್ಣಿಗೆ ನೀರನ್ನೂ ನುಂಗಲಾಗದೆ ಬಂದ ಹುಡುಗಿ ಅದು.

ಆ ಹಣ್ಣು ನಮ್ಮ ಕೋಣೆಯನ್ನೇ ಬದಲಿಸಿತು. ಮೊದಲೆಲ್ಲ ಜನ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಒಬ್ಬರನ್ನೊಬ್ಬರು ನೋಡದೆ ಬೆಂಚಿನ ತುದಿಯಲ್ಲಿ ಕೂರುತ್ತಿದ್ದರು. ಹಣ್ಣು ತಿನ್ನಬೇಕೆಂದರೆ ಬಟ್ಟೆ ತೆಗೆಯಲೇಬೇಕಲ್ಲ! ಮಾದೇವಿ ಬರುವ ದಿನ ಗೊತ್ತುಮಾಡಿಕೊಂಡು ಬೇರೆ ಮಕ್ಕಳೂ ಬರತೊಡಗಿದರು. ಡಾಕ್ಟರು ಆ ದಿನವನ್ನು ಮಕ್ಕಳಿಗೆಂದೇ ಇಟ್ಟರು. ಒಂದೇ ದಿನ, ಒಂದೇ ಕಡೆ ಕೆಮ್ಮು, ಕಣ್ಣು, ಬಾಯಿ, ರಕ್ತ ಎಲ್ಲ ನೋಡುವುದು, ಯಾರು ಬರಲಿಲ್ಲವೋ ಅವರ ಮನೆಗೆ ಆ ವಾರವೇ ಹೋಗಿಬರುವುದು. ಮುಂದೆ ನೀರಿನಲ್ಲಿ ಕರಗುವ ಮಕ್ಕಳ ಗುಳಿಗೆಯೂ ಬಂತು. ಎಲ್ಲ ಮಕ್ಕಳೂ ಉಳಿದರು ಎಂದರೆ ಸುಳ್ಳಾಗುತ್ತದೆ. ತೀರ ತಡವಾಗಿ ಬಂದವರಿದ್ದರು, ಅವರ ಮುಖಗಳು ನನಗೆ ಈಗಲೂ ನೆನಪಾಗುತ್ತವೆ, ನೆನಪಾದ ದಿನ ಊಟ ಸೇರುವುದಿಲ್ಲ. ಆದರೆ ಸಾಯಲೆಂದು ಕರೆತಂದ ಮಕ್ಕಳು ಬದುಕಿ ಶಾಲೆಗೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಗದ ಕೆಲಸ ಅದಲ್ಲ ಎಂದು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ.

ಮಾದೇವಿ ಹತ್ತನೆಯ ತರಗತಿ ಪಾಸಾದಾಗ ಆಯಿ ಸಕ್ಕರೆ ತಂದಳು. "ಮೊಮ್ಮಗಳು ಹೆಂಗದಾಳ ಆಯಿ?" ಎಂದು ಬೇಕೆಂದೇ ಕೇಳಿದೆ. "ಹಂಗೇ ಅದಾಳ್ರೀ," ಎಂದು ನನ್ನ ಬಾಯಿಗೆ ಸಕ್ಕರೆ ಹಾಕಿದಳು. ಅದಾಗಿ ಎರಡು ವರ್ಷಕ್ಕೆ ಆಯಿ ತೀರಿಕೊಂಡಳು. ಮಾದೇವಿ ಹೊಲಿಗೆ ಕಲಿತು ತನ್ನ ಕಾಲ ಮೇಲೆ ನಿಂತುಕೊಂಡಳು, ಎಲ್ಲ ಹೇಳಿಯೇ ಮದುವೆಯಾದಳು. ಗಂಡ ಎಲ್ಲ ಕೇಳಿಯೇ ಒಪ್ಪಿದವನು.

ಮೊನ್ನೆ ನಾನು ಆ ಡಜನ್ ಬಾಳೆಹಣ್ಣು ತಂದ ಮರುದಿನ ಅವಳ ಫೋನ್ ಬಂತು. "ಸಿಸ್ಟರ್, ನಾಳಿ ಕೂಸಿಂದು ಕಡೀ ರಿಪೋರ್ಟ್ ಕೊಡ್ತಾರ. ನೀವು ಬರ್ರಿ. ನಾ ಒಬ್ಬಾಕಿ ಹೋಗಂಗಿಲ್ಲ." ಅವಳಿಗೆ ಒಂದೂವರೆ ವರ್ಷದ ಮಗಳಿದ್ದಾಳೆ. ತಾಯಿಯ ಕಾಯಿಲೆ ಮಗುವಿಗೆ ದಾಟಿಲ್ಲ ಎಂದು ಈ ವಯಸ್ಸಿನಲ್ಲಿ ಮಾಡುವ ಪರೀಕ್ಷೆಯಿಂದಲೇ ಖಾತ್ರಿಯಾಗಬೇಕು. ದವಾಖಾನೆಗೆ ಹೋದೆ. ಬೆಂಚಿನ ಮೇಲೆ ನನ್ನ ಕೈಹಿಡಿದು ಕುಳಿತಳು, ಮದುವೆಯ ಬಳೆಗಳು ನನ್ನ ಮಣಿಕಟ್ಟಿಗೆ ಒತ್ತುತ್ತಿದ್ದವು. ಒಳಗೆ ಕರೆದರು. ಚಿಕ್ಕ ವಯಸ್ಸಿನ ನರ್ಸೊಬ್ಬಳು ಕಾಗದ ನೋಡಿ, "ಇಲ್ಲ ರೀ, ಕೂಸಿಗಿ ಏನೂ ಇಲ್ಲ," ಎಂದಳು. ನಾನು ಅತ್ತೆ. ಮಾದೇವಿ ಅಳಲಿಲ್ಲ.

"ತೂಕಾ ಒಂದು ನೋಡಬೇಕ್ರೀ," ಎಂದು ನರ್ಸು ಮಗುವಿಗೆ ಕೈಚಾಚಿದಳು. "ನಾನೇ ನೋಡ್ತೀನಿ," ಎಂದು ಮಾದೇವಿ ಮಗಳ ಅಂಗಿ ಬಿಚ್ಚಿ ಯಂತ್ರದ ಮೇಲೆ ಕೂರಿಸಿದಳು. ಬಗ್ಗಿ ಅಂಕಿ ಓದಿದಳು.

"ಹತ್ತೂವರಿ ಕಿಲೋ!"

ಕಾರಿಡಾರಿನ ಬೆಂಚಿನವರೆಲ್ಲ ಇತ್ತ ತಿರುಗಿದರು. ನನ್ನ ಕೈ ಅವಳ ಬಾಯಿ ಮುಚ್ಚಲು ತಾನಾಗಿಯೇ ಮೇಲೆದ್ದಿತ್ತು. ಅವಳು ಆ ಕೈಯನ್ನು ಹಿಡಿದುಕೊಂಡು, ಬಾಗಿಲ ಕಡೆ ಮುಖ ಮಾಡಿ, ಮೊದಲಿಗಿಂತ ಜೋರಾಗಿ ಇನ್ನೊಮ್ಮೆ ಹೇಳಿದಳು.