ಪೊರಕೆಗೂ ಬಾಯಿಪಾಠವಾದ ಐದು ಪದಗಳು

ಆಸ್ಪತ್ರೆಯ ನೆನಪಿನ ಪರೀಕ್ಷೆಯ ಕೋಣೆಯನ್ನು ಹನ್ನೊಂದು ವರ್ಷ ಗುಡಿಸಿದ ಆಯಮ್ಮ, ಅಲ್ಲಿ ರೋಗಿಯ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಮೂರು ವಾರದ ಹಿಂದೆ ನೆಲ ಒರೆಸಿ ಎದ್ದಾಗ, ತೆರೆದಿದ್ದ ಕಪಾಟಿನ ಬಾಗಿಲು ತಲೆಗೆ ಬಡಿದಿತ್ತು. ರಕ್ತ ಬರಲಿಲ್ಲ, ಸ್ಕ್ಯಾನ್‌ನಲ್ಲೂ ಏನೂ ಕಾಣಲಿಲ್ಲ. ಆದರೆ ಮನೆಯಲ್ಲಿ ಸೊಸೆ, "ಅತ್ತೇ, ಹಾಲು ಮತ್ತೆ ಸೀದೋಯ್ತು" ಎಂದು ಕೂಗುವುದು ದಿನದ ಮಾತಾಯಿತು. ಮೊನ್ನೆಯಂತೂ ಆರನೇ ಹಾಸಿಗೆಯವರನ್ನು ಆಪರೇಷನ್‌ಗೆ ಕರೆದೊಯ್ಯಲು ಹೇಳಿದರೆ, ಒಂಬತ್ತನೆಯವರನ್ನು ಸ್ಟ್ರೆಚರಿನಲ್ಲಿ ತಳ್ಳಿಕೊಂಡು ಹೊರಟಿದ್ದಳು. ನರ್ಸ್ ನೋಡಿ ತಡೆದಳು.

ಇವತ್ತು ಪಾಸಾದರೆ ನಾಳೆಯಿಂದ ಮತ್ತೆ ಅದೇ ಸ್ಟ್ರೆಚರು. ಇಲ್ಲದಿದ್ದರೆ ಮನೆ, ಮರಳಿ ಕರೆಯುತ್ತಾರೆಂಬ ಭರವಸೆಯಿಲ್ಲ.

"ಏನ್ ಆಯಮ್ಮ, ನಮ್ ಕುರ್ಚಿಗೇ ಬಂದ್ಬಿಟ್ರಲ್ಲ" ಎಂದು ಪರೀಕ್ಷೆ ಮಾಡುವ ಹುಡುಗಿ ನಕ್ಕಳು. "ಐದು ಪದ ಹೇಳ್ತೀನಿ, ಹತ್ತು ನಿಮಿಷ ಬಿಟ್ಟು ಕೇಳ್ತೀನಿ."

"ಗೊತ್ತಮ್ಮ. ನೀನು ಕೆಲಸಕ್ಕೆ ಸೇರೋಕೆ ಮುಂಚಿಂದ ಕೇಳ್ತಿದೀನಿ."

"ಸೇತುವೆ, ಕಿತ್ತಳೆ, ಸೂಜಿ, ಕನ್ನಡಿ, ಕಾಗೆ."

ಹತ್ತು ನಿಮಿಷ ಆಯಮ್ಮ ನೆಲ ನೋಡುತ್ತ ಕೂತಳು. ಎಷ್ಟು ಉಜ್ಜಿದರೂ ಹೋಗದ ಮಸಿಯ ಕಲೆ ಅಲ್ಲೇ ಇತ್ತು. ಬೆಳಿಗ್ಗೆ ಏನು ತಿಂದೆ ಎಂದು ಯೋಚಿಸಿದಳು, ಹೊಳೆಯಲಿಲ್ಲ. ಹುಡುಗಿ ಕೇಳಿದಾಗ ಮಾತ್ರ ಐದೂ ಪದಗಳು ನೀರು ಕುಡಿದಷ್ಟು ಸಲೀಸಾಗಿ ಬಂದವು.

"ಐದಕ್ಕೆ ಐದು! ನಾಳೆ ಕೆಲಸಕ್ಕೆ ಬನ್ನಿ."

ಆಯಮ್ಮ ಎದ್ದಳು. ಬಾಗಿಲಾಚೆ ಸ್ಟ್ರೆಚರಿನ ಮೇಲೆ ಯಾರೋ ಮಲಗಿ ಸೂರು ನೋಡುತ್ತಿದ್ದರು, ತಳ್ಳುವವರು ಬರಲೆಂದು ಕಾಯುತ್ತ. ಅವಳು ಸ್ವಲ್ಪ ಹೊತ್ತು ಹೊಸ್ತಿಲಲ್ಲೇ ನಿಂತಳು. ತಿರುಗಿ ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂತಳು.

"ಬೇರೆ ಕೇಳಮ್ಮ. ಇವು ನನ್ನ ಪೊರಕೆಗೂ ಬಾಯಿಪಾಠ."

ಹುಡುಗಿಯ ನಗು ನಿಂತಿತು. ಮೇಜಿನ ಕೆಳಗಿನ ಖಾನೆಯಿಂದ, ಯಾರೂ ಮುಟ್ಟದೆ ಧೂಳು ಹಿಡಿದಿದ್ದ ಇನ್ನೊಂದು ಪಟ್ಟಿ ತೆಗೆದಳು. ಹೊಸ ಐದು ಪದ ಓದಿದಳು. ಮತ್ತೆ ಹತ್ತು ನಿಮಿಷ.

"ಬೀಗ..." ಎಂದಳು ಆಯಮ್ಮ. ಬಹಳ ಹೊತ್ತಿನ ಮೇಲೆ, "ದೋಣಿ." ಆಮೇಲೆ ಏನೂ ಇಲ್ಲ. ಹುಡುಗಿ ಅವಸರ ಮಾಡಲಿಲ್ಲ; ಹಳೆಯ ಅಂಕಿಯನ್ನು ಹೊಡೆದುಹಾಕಿ ಎರಡು ಎಂದು ಬರೆದಳು.

"ಒಂದು ತಿಂಗಳು ರೆಸ್ಟ್ ಅಂತ ಬರೀತೀನಿ. ಕೆಲಸದ್ದು ದೊಡ್ಡ ಡಾಕ್ಟರ ಹತ್ರ ನಾನೇ ಮಾತಾಡ್ತೀನಿ. ಏನಂತಾರೋ ಗೊತ್ತಿಲ್ಲ."

"ಆಗ್ಲಮ್ಮ." ಆಯಮ್ಮ ಕೈ ಚಾಚಿದಳು. "ಯಾವತ್ತು ಬರಬೇಕು ಅನ್ನೋದನ್ನ ಒಂದು ಚೀಟೀಲಿ ಬರೆದುಕೊಡು. ಮರೀತೀನಿ."